ಒಂದನೇ ನಂಬರಿನ ಖಣ

ಮಾಲು ಎಲ್ಲಿಂದ ಬಂತು, ಎಲ್ಲಿದೆ, ಎಲ್ಲಿಗೆ ಹೋಗಬೇಕು – ಈ ಮೂರು ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹೈದರಾಬಾದಿನ ಅಂಚಿನಲ್ಲಿ ನಮ್ಮ ಕಂಪನಿಯ ದೊಡ್ಡ ಗೋಡಾನು ಇದೆ. ಸಾಬೂನು, ಶಾಂಪೂ, ಬಿಸ್ಕೀಟು ಅಲ್ಲಿಗೆ ಬಂದು, ಅಲ್ಲಿಂದ ತೆಲಂಗಾಣದ ಅಂಗಡಿಗಳಿಗೆಲ್ಲ ಹೋಗುತ್ತವೆ. ನಾನು ಅದರ ಸಪ್ಲೈ ಚೈನ್ ಮ್ಯಾನೇಜರ್. ಯಾವ ಊರಿನ ಯಾವ ಅಂಗಡಿಯಲ್ಲಿ ಯಾವ ಬಿಸ್ಕೀಟು ಮುಗಿಯುತ್ತ ಬಂದಿದೆ ಎಂದು ಕುರ್ಚಿಯಿಂದ ಏಳದೆ ಹೇಳಬಲ್ಲೆ. ಇಂಥ ನಾನು, ನಮ್ಮದೇ ಮನೆಯ ಕಪಾಟಿನಿಂದ ಹೋದ ಒಂದೇ ಒಂದು ಖಣವನ್ನು ಹುಡುಕಿಕೊಂಡು ಮೂರು ದಿನ ರಜೆ ಹಾಕಿ ಅಲೆದೆ!

ಖಣ ಎಂದರೆ ಕುಬಸದ ಬಟ್ಟೆ. ನಾವು ಬಾಗಲಕೋಟೆ ಕಡೆಯವರು. ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಹಚ್ಚಿ, ಉಡಿಯಲ್ಲಿ ಖಣ ಹಾಕದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮೆಹದಿಪಟ್ಟಣದ ನಮ್ಮ ಅಪಾರ್ಟ್‌ಮೆಂಟಿನ ತೆಲುಗು ಹೆಂಗಸರದೂ ಇದೇ ಪದ್ಧತಿ. ಅವರು ಜಾಕೆಟ್ ಪೀಸು ಅನ್ನುತ್ತಾರೆ, ಅಷ್ಟೇ. ಶ್ರಾವಣ ಬಂತೆಂದರೆ ಪ್ರತಿ ಶುಕ್ರವಾರ ಈ ಬಟ್ಟೆಗಳು ಮೊದಲ ಮಹಡಿಯಿಂದ ಮೂರನೆಯ ಮಹಡಿಗೆ, ಅಲ್ಲಿಂದ ಎರಡನೆಯ ಮಹಡಿಗೆ ಓಡಾಡುತ್ತವೆ. ಯಾರೂ ಹೊಲಿಸುವುದಿಲ್ಲ! ಮಡಿಕೆ ಬಿಚ್ಚದೆ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಇಪ್ಪತ್ತು ವರ್ಷದಿಂದ ಈ ದಂಧೆಯಲ್ಲಿದ್ದೇನೆ. ತಯಾರಿಸುವವನು, ಮಾರುವವನು, ಸಾಗಿಸುವವನು ಎಲ್ಲರೂ ಇದ್ದು, ಬಳಸುವವನು ಮಾತ್ರ ಇಲ್ಲದ ಇಂಥ ಏರ್ಪಾಡನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಒಂದು ಅವಮಾನ ಆಯಿತು. ನನ್ನ ಹೆಂಡತಿ ಗಿರಿಜಾ, ಕೆಳಗಿನ ಮನೆಯ ವಿಜಯಮ್ಮಗಾರಿಗೆ ನೇರಳೆ ಬಣ್ಣದ, ಮೈತುಂಬ ಬಂಗಾರದ ಚುಕ್ಕಿ ಇದ್ದ ಪಾಲಿಸ್ಟರ್ ಪೀಸು ಕೊಟ್ಟಳು. ವಿಜಯಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದಿ ಮಾದೇ ಕದಾ!” ಅಂದರು. ಇದು ನಮ್ಮದೇ ಅಲ್ಲವಾ ಅಂತ!

ನಿಜ. ಹಿಂದಿನ ವರ್ಷ ಅವರೇ ಕೊಟ್ಟದ್ದು. ವಿಜಯಮ್ಮ ನಕ್ಕು ಅದನ್ನು ಗಿರಿಜೆಯ ತೊಡೆಯ ಮೇಲೆ ವಾಪಸ್ಸಿಟ್ಟು ಹೋದರು. ಗಿರಿಜಾ ಎರಡು ದಿನ ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲೇ ಓಡಾಡಿದಳು, ಅವರು ಎದುರಾಗಬಾರದು ಅಂತ.

ಈ ವರ್ಷ ಶ್ರಾವಣ ಬರುವ ಮೊದಲು ನಾನು ಒಂದು ನಿರ್ಧಾರಕ್ಕೆ ಬಂದೆ. ಲಕ್ಷಗಟ್ಟಲೆ ಸಾಬೂನು ಸಂಭಾಳಿಸುವವನ ಮನೆಯಲ್ಲಿ ಇಂಥ ಅವ್ಯವಸ್ಥೆ ನಡೆಯತಕ್ಕದ್ದಲ್ಲ! ಗಿರಿಜಾ ಕಾಯಿಪಲ್ಯೆ ತರಲು ಹೋದ ಹೊತ್ತು ನೋಡಿ ಕಪಾಟು, ಟ್ರಂಕು, ಮಂಚದ ಕೆಳಗಿನ ಚೀಲ ಎಲ್ಲ ಬರಿದು ಮಾಡಿ ದಾಸ್ತಾನು ಎಣಿಸಿದೆ. ನಲವತ್ತೊಂದು. ಪ್ರತಿಯೊಂದರ ಒಳಮಡಿಕೆಗೆ ಚೀಟಿ ಅಂಟಿಸಿದೆ. ನಂಬರು, ಯಾರಿಂದ ಬಂತು, ದರ್ಜೆ, ಷರಾ – ಎಲ್ಲ ಗುಂಡಗಿನ ಅಕ್ಷರದಲ್ಲಿ, ಕನ್ನಡದಲ್ಲಿ. ಯಾರದೆಂದು ಗೊತ್ತಿದ್ದಕ್ಕೆ ಹೆಸರು ಬರೆದೆ, ಗೊತ್ತಿಲ್ಲದ್ದಕ್ಕೆ ‘ಮೂಲ ತಿಳಿಯದು’ ಎಂದು ಬರೆದೆ. ಆ ನೇರಳೆ ಪಾಲಿಸ್ಟರಿಗೆ ಹದಿನೇಳನೆಯ ನಂಬರು ಬಂತು. ಅದರ ಚೀಟಿ ಹೀಗಿತ್ತು: ‘ವಿಜಯಮ್ಮಗಾರು. ದರ್ಜೆ ಸಿ. ಯಾರೂ ಬಳಸುವುದಿಲ್ಲ.’

ಟ್ರಂಕಿನ ತಳದಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಹಸಿರು ಖಣ ಸಿಕ್ಕಿತು. ಕೆಂಪು ಅಂಚಿತ್ತು. ಪೇಪರು ನೋಡಿದರೆ ಹನ್ನೊಂದು ವರ್ಷದ ಹಿಂದಿನದು. ದಾಸ್ತಾನಿನಲ್ಲಿ ಎಲ್ಲಕ್ಕಿಂತ ಹಳೆಯದು! ಅದಕ್ಕೆ ಒಂದನೇ ನಂಬರು ಕೊಟ್ಟು ಷರಾ ಬರೆದೆ: ‘ಮೂಲ ತಿಳಿಯದು. ಹಳೆಯ ಮಾಲು. ತ್ವರಿತವಾಗಿ ವಿಲೇವಾರಿ ಮಾಡುವುದು.’

ನಮ್ಮ ಗೋಡಾನಿನಲ್ಲಿ ಒಂದು ಕಾಯಿದೆ ಇದೆ. ಮೊದಲು ಬಂದದ್ದು ಮೊದಲು ಹೋಗಬೇಕು. ಬಿಸ್ಕೀಟು ಹಳತಾದರೆ ಮೆತ್ತಗಾಗುತ್ತದೆ, ಅಂಗಡಿಯವನು ಬೈಯುತ್ತಾನೆ. ಆದ್ದರಿಂದ ಹಳೆಯ ಡಬ್ಬ ಮುಂದಕ್ಕೆ, ಹೊಸ ಡಬ್ಬ ಹಿಂದಕ್ಕೆ. ಅದೇ ಕಾಯಿದೆಯ ಪ್ರಕಾರ ಒಂದನೇ ನಂಬರನ್ನು ಕಪಾಟಿನ ಎದುರಿಗೇ ಇಟ್ಟೆ. ಗಿರಿಜಾ ಬಂದು ನೋಡಿದಾಗ ಕಪಾಟು ಔಷಧದ ಅಂಗಡಿಯಷ್ಟು ಅಚ್ಚುಕಟ್ಟಾಗಿತ್ತು. ಕೆಳಗಿನದೇನೂ ಕಾಣದಂತೆ ಒಂದು ಹಾಳೆಯನ್ನೂ ಮುಚ್ಚಿದ್ದೆ.

“ಏನ್ ಮಾಡಾಕತ್ತೀರಿ ಇದು?” ಅಂದಳು.

“ಇನ್ನ ಮ್ಯಾಲೆ ಖಣದ ವಿಚಾರ ನಿನಗ ಬ್ಯಾಡ. ನೀ ಕುಂಕುಮ ಹಚ್ಚು, ಆರತಿ ಮಾಡು. ಉಡಿಗೆ ಹಾಕೂದು ಏನು ಅಂತ ನಾ ತಗದು ಕೊಡ್ತೀನಿ. ರವಾನೆ ನನ್ನ ಖಾತೆ!”

“ಹೆಂಗಸರ ಕೆಲಸದಾಗ ಗಂಡಸರದೇನ್ರಿ?”

“ಹೋದ ವರ್ಷ ವಿಜಯಮ್ಮ ಏನಂದ್ರು, ನೆನಪೈತಿಲ್ಲೋ?”

ಅಷ್ಟಕ್ಕೆ ಅವಳು ಕಾಯಿಪಲ್ಯೆಯ ಚೀಲ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ನಾನು ಗೆದ್ದೆನೆಂದುಕೊಂಡೆ.

ಶ್ರಾವಣದ ಮೊದಲ ಶುಕ್ರವಾರ ಹತ್ತು ಹನ್ನೆರಡು ಹೆಂಗಸರು ಬಂದರು. ಗಿರಿಜಾ ಹಾಲಿನಲ್ಲಿ ಅರಿಷಿಣ ಕುಂಕುಮ ಕೊಡುತ್ತಿದ್ದಳು. ನಾನು ಒಳಕೋಣೆಯಲ್ಲಿ ನಿಂತು, ಯಾದಿ ನೋಡಿ, ಒಂದೊಂದನ್ನೇ ಚೀಲಕ್ಕೆ ತುಂಬಿ, ಎಲೆ ಅಡಿಕೆ ಸಮೇತ ಬಾಗಿಲ ಸಂದಿಯಿಂದ ಹೊರಗೆ ದಾಟಿಸುತ್ತಿದ್ದೆ. ಯಾರಿಗೂ ಅವರದೇ ಪೀಸು ವಾಪಸ್ಸು ಹೋಗಲಿಲ್ಲ. ಮೊದಲು ಬಂದವರು ವಿಜಯಮ್ಮ. ಮೊದಲ ನಂಬರು ಅವರಿಗೆ ಹೋಯಿತು. ಆ ದಿನ ನನಗಾದ ಸಮಾಧಾನ ಪ್ರಮೋಷನ್ ಬಂದ ದಿನವೂ ಆಗಿರಲಿಲ್ಲ.

ಎರಡು ವಾರ ಕಳೆದು ಮಂಗಳವಾರ ಸಂಜೆ ಗಿರಿಜಾ ಊರಿಗೆ ಹೋಗಲು ಬ್ಯಾಗು ತುಂಬುತ್ತಿದ್ದಳು. ಅವಳ ಅಕ್ಕನ ಮಗಳು ಶ್ವೇತಾಗೆ ಈಗ ಏಳು ತಿಂಗಳು. ಬರುವ ಭಾನುವಾರ ಬಾಗಲಕೋಟೆಯಲ್ಲಿ ಕುಬಸದ ಕಾರ್ಯ. ಬಸುರಿ ಹುಡುಗಿಗೆ ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ತೊಡಿಸುವ ದಿನ ಅದು. ಶುಕ್ರವಾರ ಸಂಜೆ ಕಾಚಿಗೂಡದಿಂದ ರೈಲು. ರಜೆ ಸಿಕ್ಕುವುದಿಲ್ಲ ಎಂಬ ನೆಪ ಹೇಳಿ ನಾನು ತಪ್ಪಿಸಿಕೊಂಡಿದ್ದೆ. ಹಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಒಳಗಿಂದ ಟ್ರಂಕಿನ ಮುಚ್ಚಳ ತೆಗೆದ ಸದ್ದು ಬಂತು. ಆಮೇಲೆ ಗಿರಿಜೆಯ ದನಿ ಬಂತು.

“ಏನ್ರೀ, ಟ್ರಂಕಿನ ತಳದಾಗ ಪೇಪರಿನಾಗ ಸುತ್ತಿದ್ದ ಖಣ ಎಲ್ಲೈತ್ರಿ?”

“ಹಸಿರದಾ? ಒಂದನೇ ನಂಬರು. ಹೋತದು!” ಎಂದು ಹೆಮ್ಮೆಯಿಂದ ಹೇಳಿದೆ. “ಹನ್ನೊಂದು ವರ್ಷ ಕೊಳಕೋತ ಬಿದ್ದಿತ್ತು. ನಾ ಬಂದ ಮ್ಯಾಲೆ ಎರಡು ವಾರದಾಗ ವಿಲೇವಾರಿ!”

ಗಿರಿಜಾ ಬಾಗಿಲಲ್ಲಿ ಬಂದು ನಿಂತಳು. ಅವಳು ಸಿಟ್ಟು ಮಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು. ಅವಳ ಕಣ್ಣು ತುಂಬಿತ್ತು.

“ಅದು ಅವ್ವ ಕೊಟ್ಟಿದ್ದು. ಗುಳೇದಗುಡ್ಡದ್ದು. ಕಡೀ ಪಂಚಮಿಗೆ ಹೋದಾಗ ಕೊಟ್ಟಿದ್ಲು. ‘ನಮ್ಮನಿ ಮೊಮ್ಮಕ್ಕಳೊಳಗ ಮೊದಲ್ನೇ ಕುಬಸ ಯಾರ್ದಾಗ್ತೈತಿ, ಅಕಿಗೆ ಇದನ್ನ ತೊಡಸ್ರಿ, ನಾ ಇರ್ತೀನೋ ಇಲ್ಲೋ’ ಅಂದಿದ್ಲು. ದೀಪಾವಳಿಗೆ ಹೋಗೇ ಬಿಟ್ಲು. ನಾ ಅದನ್ನ ಬಿಚ್ಚಿ ಸುದ್ದಾ ನೋಡಿರಲಿಲ್ಲ, ಬಣ್ಣ ಹೋದೀತು ಅಂತ.”

ಚಹಾದ ಕಪ್ಪನ್ನು ಕೆಳಗಿಟ್ಟೆ. ನನ್ನ ಅತ್ತೆ ನನಗೂ ತಾಯಿಯಂತೆಯೇ ಇದ್ದವರು. ಅವರ ಕೈಯಿಂದ ಬಂದದ್ದರ ಮೇಲೆ ನಾನು ‘ಮೂಲ ತಿಳಿಯದು’ ಎಂದು ಬರೆದು ಅಂಟಿಸಿದ್ದೆ. ಬಿಸ್ಕೀಟು ಹಳತಾದಷ್ಟೂ ಬೆಲೆ ಇಳಿಯುತ್ತದೆ. ಮನೆಯ ಟ್ರಂಕಿನಲ್ಲಿ ಹಾಗಲ್ಲ ಎಂಬುದು ಯಾವ ಟ್ರೇನಿಂಗಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

“ಶುಕ್ರವಾರ ರೈಲು ಹೊರಡೂದ್ರೊಳಗ ಆ ಖಣ ನಿನ್ನ ಕೈಯಾಗ ಇರ್ತೈತಿ,” ಎಂದು ಎದ್ದು ನಿಂತು ಘೋಷಿಸಿದೆ. “ಇದು ನನ್ನ ಮಾತು!”

“ನಿಮ್ಮ ಮಾತು ಕೇಳೇ ಇಷ್ಟೆಲ್ಲ ಆಗಿದ್ದು,” ಅಂದಳು ಗಿರಿಜಾ.

ಕೆಟ್ಟ ಮಾಲು ಪೇಟೆಗೆ ಹೋದರೆ ವಾಪಸ್ಸು ಕರೆಸಿಕೊಳ್ಳುವ ಕ್ರಮ ನಮ್ಮ ಕಂಪನಿಯಲ್ಲಿದೆ. ಆ ಕ್ರಮವನ್ನು ಕೂಡಲೇ ಜಾರಿಗೆ ತಂದೆ. ವಿಜಯಮ್ಮನ ಮನೆಗೆ ಬೀಗ ಇತ್ತು. ಕಾಯುವ ತಾಳ್ಮೆ ನನಗಿರಲಿಲ್ಲ. ಅಷ್ಟರಲ್ಲಿ ಅದು ಇದೇ ಅಪಾರ್ಟ್‌ಮೆಂಟಿನ ಬೇರೆ ಮಹಡಿಗೆ ಹೋಗಿದ್ದರೆ? ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿದೆ: ‘ಶ್ರಾವಣದಲ್ಲಿ ನಮ್ಮ ಮನೆಯಿಂದ ವಿತರಣೆಯಾದ ಹಸಿರು ಜಾಕೆಟ್ ಪೀಸು ಅನಿವಾರ್ಯ ಕಾರಣಗಳಿಂದ ಹಿಂಪಡೆಯಲಾಗುತ್ತಿದೆ. ಪಡೆದವರು ನಾಳೆ ಬೆಳಿಗ್ಗೆಯೊಳಗೆ ಹಿಂದಿರುಗಿಸತಕ್ಕದ್ದು.’ ಇದನ್ನು ಮೂರು ಭಾಷೆಯಲ್ಲಿ ಹಾಕಿದೆ, ಯಾರಿಗೂ ತಿಳಿಯದೆ ಉಳಿಯಬಾರದಲ್ಲ!

ಬುಧವಾರ ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ಹಸಿರು ಗುಡ್ಡೆ ಬಿದ್ದಿತ್ತು! ಗಿಣಿಹಸಿರು, ಎಲೆಹಸಿರು, ಪಾಚಿಹಸಿರು. ಹನ್ನೊಂದು ಪೀಸು. ಅವ್ವನ ಖಣ ಬಿಟ್ಟರೆ ನಮ್ಮ ಮನೆಯಿಂದ ಹೋದ ಹಸಿರು ಎಲ್ಲ ಸೇರಿ ಮೂರೇ ಇದ್ದವು. ಉಳಿದ ಎಂಟು ಯಾರು ಯಾರಿಗೆ ಕೊಟ್ಟದ್ದೋ, ಸಿಟ್ಟಿನಲ್ಲಿ ಕೈಗೆ ಸಿಕ್ಕ ಹಸಿರನ್ನೆಲ್ಲ ತಂದು ಎಸೆದಿದ್ದರು. ಮೂರನೇ ಮಹಡಿಯ ಒಬ್ಬರು ಎಲೆ ಅಡಿಕೆಯನ್ನೂ, ಎರಡು ಬಾಳೆಹಣ್ಣನ್ನೂ ವಾಪಸ್ಸು ಮಾಡಿದ್ದರು! ಅವ್ವನ ಖಣ ಮಾತ್ರ ಅದರಲ್ಲಿರಲಿಲ್ಲ.

ಗಿರಿಜಾ ಗುಡ್ಡೆ ನೋಡಿದಳು, ನನ್ನನ್ನು ನೋಡಿದಳು.

“ನಿನ್ನೆ ತನಕ ಖಣ ಒಂದ ಹೋಗಿತ್ತು,” ಅಂದಳು. “ಇವತ್ತ ಮರ್ಯಾದಿನೂ ಹೋತು.”

ವಿಜಯಮ್ಮ ಆ ಗುಂಪಿನಲ್ಲೇ ಇರಲಿಲ್ಲ. ಪಾರ್ಕಿಂಗ್ ಜಗಳದಲ್ಲಿ ಗುಂಪು ಬಿಟ್ಟು ವರ್ಷವಾಗಿತ್ತಂತೆ. ಮಧ್ಯಾಹ್ನ ಅವರು ಮನೆಗೆ ಬಂದ ಸದ್ದಾದ ಕೂಡಲೇ ಇಳಿದು ಹೋಗಿ, ನನಗೆ ತಿಳಿದ ತೆಲುಗಿನಲ್ಲಿ ಬಹಳ ವಿನಯದಿಂದ ವಿಷಯ ಹೇಳಿದೆ. ವಿಜಯಮ್ಮ ಕನ್ನಡಕ ಹಾಕಿಕೊಂಡು, ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದ್ದ ಒಂದು ಚೀಟಿಯತ್ತ ಬೆರಳು ಮಾಡಿದರು. ನನ್ನ ಚೀಟಿ!

“ಹ-ಳೆ-ಯ ಮಾ-ಲು. ತ್ವ-ರಿ-ತ-ವಾ-ಗಿ ವಿ-ಲೇ-ವಾ-ರಿ,” ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಸರಿಯಾಗಿ ಓದಿದೆನಾ ಅಂಡಿ?” ಅಂಡಿ ಅಂದರೆ ನಮ್ಮ ‘ರೀ’.

ಕನ್ನಡದಲ್ಲಿ ಬರೆದರೆ ತೆಲುಗಿನವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ಚೀಟಿ ತೆಗೆಯದೆ ರವಾನೆ ಮಾಡಿದ್ದೆ. ಹದಿನಾರು ವರ್ಷದಿಂದ ಈ ಊರಿನ ಬಸ್ಸಿನ ಬೋರ್ಡು ನಾನೇ ಕೂಡಿಸಿ ಓದುತ್ತಿದ್ದೇನೆ. ನನಗೆ ಅವರ ಅಕ್ಷರ ಬಂದರೆ ಅವರಿಗೆ ನಮ್ಮದು ಬರಬಾರದೆಂಬ ಕಾನೂನು ಎಲ್ಲಿದೆ?

“ಹಬ್ಬದ ದಿನ ಹಳೆಯ ಮಾಲು ಕೊಟ್ಟಿರಿ. ಬೇಗ ಸಾಗಹಾಕಿ ಅಂತ ಅದರಲ್ಲೇ ಬರೆದಿರಿ. ಸಾಗಹಾಕಿದೆ!” ಅಂದರು ವಿಜಯಮ್ಮ. “ಮರುದಿನವೇ ದಿಲ್‌ಸುಖ್‌ನಗರದ ನಮ್ಮ ವದಿನ ಬಂದಿದ್ದಳು. ಅವಳಿಗೆ ಕೊಟ್ಟೆ.”

ವದಿನ ಅಂದರೆ ಅತ್ತಿಗೆ. ನಾನು ಅಲ್ಲೇ ನಿಂತು ಅವ್ವನ ಕಥೆ ಪೂರ್ತಿ ಹೇಳಿದೆ. ವಿಜಯಮ್ಮನ ಮುಖ ಇಳಿಯಿತು. “ಅಯ್ಯೋ, ಅಮ್ಮ ಇಚ್ಚಿಂದಾ?” – ಅಮ್ಮ ಕೊಟ್ಟದ್ದಾ – ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು. ಅತ್ತಿಗೆ ಅನಸೂಯಮ್ಮನ ವಿಳಾಸ ತಾವೇ ಬರೆದುಕೊಟ್ಟರು. ಚೀಟಿಯನ್ನು ಮಾತ್ರ ಫ್ರಿಜ್ಜಿನಿಂದ ತೆಗೆಯಲಿಲ್ಲ.

ಗುರುವಾರ ಬೆಳಿಗ್ಗೆ ದಿಲ್‌ಸುಖ್‌ನಗರಕ್ಕೆ ಹೊರಟೆ. ಬರಿಗೈಯಲ್ಲಿ ಹೋಗಿ ಕೊಟ್ಟದ್ದನ್ನು ವಾಪಸ್ಸು ಕೇಳುವುದು ಹೇಗೆ? ಗಿರಿಜೆಯನ್ನು ಕೇಳುವಂತಿರಲಿಲ್ಲ, ಅವಳು ಮಾತು ಬಿಟ್ಟಿದ್ದಳು. ಕಪಾಟಿಗೆ ಕೈಹಾಕಿ ಮೇಲಿದ್ದದ್ದನ್ನು ಕವರಿಗೆ ತುರುಕಿ ಬಸ್ಸು ಹಿಡಿದೆ, ಮೆಟ್ರೋ ಹಿಡಿದೆ. ಅನಸೂಯಮ್ಮ ಕೂರಿಸಿ ನೀರು ಕೊಟ್ಟರು. ನಾನು ಕವರು ಮುಂದೆ ಚಾಚಿದೆ. ಅವರು ಬಿಚ್ಚಿದಾಗ ಬಂಗಾರದ ಚುಕ್ಕಿ ಮಿನುಗಿತು. ಹದಿನೇಳನೆಯ ನಂಬರು!

ಅನಸೂಯಮ್ಮ ಅದನ್ನು ಬೆಳಕಿಗೆ ಹಿಡಿದರು.

“ಇದನ್ನು ಎಲ್ಲೋ ನೋಡಿದ ಹಾಗಿದೆ,” ಅಂದರು. “ಎರಡು ಮೂರು ವರ್ಷದ ಹಿಂದೆ ನಾನು ವಿಜಯಾಗೆ ಇಂಥದ್ದೇ ಒಂದು ಕೊಟ್ಟಿದ್ದೆ.”

“ಈ ನಮೂನೆ ಈಗ ಬಹಳ ನಡೆಯುತ್ತಿದೆ ಅಂಡಿ,” ಎಂದೆ. ಒಳಮಡಿಕೆ ಬಿಚ್ಚದಿರಲೆಂದು ಮನೆದೇವರನ್ನು ನೆನೆದೆ. ಅವರು ಬಿಚ್ಚಲಿಲ್ಲ, ಮತ್ತೆ ಕವರಿಗೆ ಹಾಕಿದರು. ಮನೆದೇವರು ಅಷ್ಟಾದರೂ ನಡೆಸಿಕೊಟ್ಟ.

ಹಸಿರು ಖಣದ ಮಾತೆತ್ತಿದೆ.

“ಅದಾ? ನಮ್ಮ ಬ್ಲೌಸು ಹೊಲಿಯುವ ಯಾದಮ್ಮ ಇದ್ದಾಳಲ್ಲ, ಕಾಚಿಗೂಡದವಳು, ಅವಳಿಗೆ ಕೊಟ್ಟೆ. ಚೆನ್ನಾಗಿರುವ ಹಸಿರು ಪೀಸು ಬೇಕಿತ್ತಮ್ಮಾ ಅಂತ ಕೇಳಿದಳು. ತಕ್ಷಣ ತೆಗೆದು ಕೊಟ್ಟೆ.”

ಅವರು ಯಾದಮ್ಮನಿಗೆ ಎರಡು ಸಲ ಫೋನು ಮಾಡಿದರು. ಎತ್ತಲಿಲ್ಲ. “ನಾಳೆ ಅವಳ ಮನೆಯಲ್ಲಿ ಫಂಕ್ಷನ್ ಇದೆ, ಅದರ ಗಡಿಬಿಡಿ. ನಾನೂ ಹೋಗುತ್ತೇನೆ. ಮಧ್ಯಾಹ್ನ ಸ್ಟೇಷನ್ ಹತ್ತಿರ ಬನ್ನಿ, ಕರೆದುಕೊಂಡು ಹೋಗುತ್ತೇನೆ,” ಅಂದರು. ಏನು ಫಂಕ್ಷನ್ ಎಂದು ನಾನು ಕೇಳಲಿಲ್ಲ. ಮಾಲು ಇರುವ ಜಾಗ ಗೊತ್ತಾದ ಮೇಲೆ ಬೇರೆ ವಿವರ ಯಾಕೆ ಬೇಕು? ಇದು ನಮ್ಮ ಉದ್ಯೋಗದವರ ದೋಷ. ಹೊರಡುವಾಗ ಅವರು ನನ್ನ ಕೈಗೂ ಒಂದು ಜಾಕೆಟ್ ಪೀಸು ಹಾಕಿದರು, ಮನೆಯವರಿಗೆ ಕೊಡಿ ಅಂತ. ಒಂದನ್ನು ಹುಡುಕಲು ಹೊರಟ ಮೇಲೆ ನಮ್ಮ ದಾಸ್ತಾನಿಗೆ ಹೊಸದಾಗಿ ಒಂಬತ್ತು ಸೇರಿದ್ದವು.

ಬದಲಿಗೆ ಬೇರೆ ಮಾಲು ಕೊಡದೆ ವಾಪಸ್ಸು ಕೇಳುವುದು ಧರ್ಮವಲ್ಲ. ದಾರಿಯಲ್ಲಿ ಒಂದು ಒಳ್ಳೆಯ ರೇಷ್ಮೆ ಖಣ ಕೊಂಡೆ. ಅದಕ್ಕೆ ಯಾವ ಚೀಟಿಯನ್ನೂ ಅಂಟಿಸಲಿಲ್ಲ.

ಶುಕ್ರವಾರ ಮಧ್ಯಾಹ್ನ ಗಿರಿಜಾ, ನಾನು, ಎರಡು ಬ್ಯಾಗು, ಒಂದು ಸಿಹಿ ಉಂಡಿಯ ಡಬ್ಬಿ ಆಟೋದಲ್ಲಿ ಕಾಚಿಗೂಡಕ್ಕೆ ಹೊರಟೆವು. ರೈಲಿಗೆ ಇನ್ನೂ ಮೂರು ತಾಸು ಇತ್ತು. ಗಿರಿಜಾ ಎರಡು ದಿನದ ಮೇಲೆ ಮೊದಲ ಸಲ ಮಾತಾಡಿದಳು.

“ಖಣ ಇನ್ನೂ ಹೊಲಿಸಿಲ್ಲ ಹೌದಲ್ರಿ?”

“ಯಾರ್ ಹೊಲಸ್ತಾರ? ಇಷ್ಟು ವರ್ಷದಾಗ ಒಬ್ಬರಾದ್ರೂ ಹೊಲಸಿದ್ದು ನೋಡೀಯೇನು? ಮಡಿಕಿ ಸುದ್ದಾ ಬಿಚ್ಚಿರೂದಿಲ್ಲ. ಇದರಾಗ ನನ್ನ ಅನುಭವ ಭಾಳ ಐತಿ,” ಎಂದೆ.

ಸ್ಟೇಷನ್ನಿನ ಬಳಿ ಅನಸೂಯಮ್ಮ ಕಾಯುತ್ತಿದ್ದರು. ಹಿಂದಿನ ಗಲ್ಲಿಯಲ್ಲಿ ಎರಡು ತಿರುವು ದಾಟಿದರೆ ಯಾದಮ್ಮನ ಮನೆ. ಬಾಗಿಲಿಗೆ ಮಾವಿನ ತೋರಣ, ಹೊರಗೆ ಬಾಡಿಗೆ ಕುರ್ಚಿ, ಒಳಗೆ ಹೆಂಗಸರ ಗದ್ದಲ. ಮನಸ್ಸಿನಲ್ಲಿ ನಾನು ನನ್ನ ಭಾಷಣ ಒಪ್ಪಿಸಿಕೊಳ್ಳುತ್ತಿದ್ದೆ: ‘ಅಮ್ಮಾ, ನಮ್ಮ ಕಡೆಯಿಂದ ಒಂದು ಪ್ರಮಾದ ಆಗಿದೆ. ಅದನ್ನು ಸರಿಪಡಿಸಲು ತಾವು ಸಹಕರಿಸಬೇಕು.’ ಯಾರು ಅಳಲಿ, ಯಾರು ಬೈಯಲಿ, ಖಣ ಇಲ್ಲದೆ ಈ ಗಲ್ಲಿಯಿಂದ ಹೊರಗೆ ಕಾಲಿಡುವುದಿಲ್ಲ ಎಂದು ಹಲ್ಲು ಕಚ್ಚಿ ಒಳಗೆ ಹೋದೆ.

ನಡುಮನೆಯಲ್ಲಿ ಹೂವಿನ ಅಲಂಕಾರದ ಕುರ್ಚಿಯ ಮೇಲೆ ಒಬ್ಬ ಬಸುರಿ ಹುಡುಗಿ ಕೂತಿದ್ದಳು. ಯಾದಮ್ಮನ ಮಗಳು ಸ್ವಪ್ನಾ. ಕೈತುಂಬ ಹಸಿರು ಬಳೆ, ಕೆನ್ನೆಗೆ ಅರಿಷಿಣ, ಮುಖದ ತುಂಬ ನಗು. ಮೈಮೇಲೆ ಹಸಿರು ಕುಬಸ, ತೋಳಿಗೆ ಸರಿಯಾಗಿ ಕೂತ ಕೆಂಪು ಅಂಚು.

ಒಂದನೇ ನಂಬರು.

ಹೊಲಿದಿದ್ದರು! ಈ ಇಡೀ ಸರಪಳಿಯಲ್ಲಿ ಬಟ್ಟೆಯನ್ನು ಹೊಲಿದು ತೊಡುವ ಮನೆ ಒಂದೇ ಒಂದಿತ್ತು. ನಾನು ಆ ಮನೆಗೇ ತಲುಪಿಸಿದ್ದೆ.

ಗಿರಿಜಾ ಹೊಸ್ತಿಲಲ್ಲೇ ನಿಂತುಬಿಟ್ಟಳು. “ಅವ್ವನ ಖಣ,” ಎಂದಳು, ನನಗಷ್ಟೇ ಕೇಳುವ ಹಾಗೆ. ಎದುರಿಗೆ ಹುಡುಗಿ ನಗುತ್ತ ಕೂತಿದ್ದಾಳೆ. ಯಾವ ಬಾಯಿಂದ ಸಹಕರಿಸಿ ಎನ್ನುವುದು? ಮಾಲು ಹಿಂಪಡೆಯುವ ಕ್ರಮವನ್ನು ನಾನು ಅಲ್ಲಿಯೇ ಕೈಬಿಟ್ಟೆ.

ಅಷ್ಟರಲ್ಲಿ ಗಿರಿಜಾ ನನ್ನ ಕೈಯಿಂದ ರೇಷ್ಮೆ ಖಣದ ಚೀಲ ಕಿತ್ತುಕೊಂಡು ಮುಂದೆ ಹೋದಳು. ಹುಡುಗಿಗೆ ಕುಂಕುಮ ಹಚ್ಚಿದಳು. ರೇಷ್ಮೆ ಖಣವನ್ನೂ, ಡಬ್ಬಿಯಿಂದ ಐದು ಉಂಡಿಯನ್ನೂ ಉಡಿಗೆ ಹಾಕಿದಳು. ಕುಬಸದ ತೋಳಿನ ಅಂಚನ್ನು ಒಂದು ಸಲ ಸವರಿದಳು.

“ಎವರು ಕುಟ್ಟಾರಮ್ಮ?” ಎಂದು ಕೇಳಿದಳು. ಯಾರು ಹೊಲಿದದ್ದು ಅಂತ.

“ನಾನೇ ಅಮ್ಮಾ,” ಅಂದಳು ಯಾದಮ್ಮ. “ಇಷ್ಟು ವರ್ಷ ಹೊಲಿದಿದ್ದೇನೆ, ಇಂಥ ಬಟ್ಟೆ ಕೈಗೆ ಬಂದಿರಲಿಲ್ಲ. ಕತ್ತರಿ ಹಾಕುವ ಮೊದಲು ಮೂರು ಸಲ ಅಳತೆ ನೋಡಿದೆ. ನನ್ನ ಮಗಳ ಶ್ರೀಮಂತಕ್ಕೆ ಈ ಅನಸೂಯಮ್ಮ ದೊಡ್ಡ ಮನಸ್ಸು ಮಾಡಿ ಕೊಟ್ಟರು.”

ಶ್ರೀಮಂತ ಅಂದರೆ ನಮ್ಮ ಕುಬಸದ ಕಾರ್ಯವೇ. ಗಿರಿಜಾ ಕಣ್ಣೊರೆಸಿಕೊಂಡಳು. “ನಮ್ಮ ಅವ್ವನ ಊರಿನ ಬಟ್ಟೆ ಇದು. ಒಂದು ಸಣ್ಣ ತುಂಡೇನಾದರೂ ಉಳಿದಿದೆಯಾ?” ಎಂದು ಕೇಳಿದಳು. ಹೊಲಿಗೆ ಮಿಷನ್ನಿನ ಡ್ರಾದಲ್ಲಿ ಯಾದಮ್ಮ ಅದನ್ನು ಎಸೆಯದೆ ಸುತ್ತಿಟ್ಟಿದ್ದಳು. ಗೇಣಗಲದ ತುಂಡು, ಒಂದು ಬದಿಗೆ ಕೆಂಪು ಅಂಚು. ಏಕೆ ಏನು ಎಂದು ಕೇಳದೆ ತಂದು ಗಿರಿಜೆಯ ಕೈಗಿಟ್ಟಳು. ಉಡಿ ತುಂಬಿದ ಮುತ್ತೈದೆಯನ್ನು ಹಾಗೇ ಕಳಿಸಬಾರದೆಂದು, ಬಂದ ಉಡುಗೊರೆಗಳ ರಾಶಿಯಿಂದ ಒಂದು ಕವರನ್ನೂ ಕೊಟ್ಟಳು. ಅನಸೂಯಮ್ಮ ಯಾಕೋ ಆ ಕವರನ್ನು ನೋಡಿ ಗೋಡೆಯ ಕಡೆ ತಿರುಗಿದರು.

ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆವು. ರೈಲು ಇನ್ನೂ ಬಂದಿರಲಿಲ್ಲ. ಬೈಗುಳ ತಿನ್ನಲು ನಾನು ತಯಾರಾಗಿ ತಲೆ ತಗ್ಗಿಸಿದ್ದೆ.

“ತೊಡಸ್ರಿ ಅಂದಿದ್ಲು ಅವ್ವ,” ಅಂದಳು ಗಿರಿಜಾ, ತುಂಡನ್ನು ಮಡಿಲಲ್ಲಿ ಹರವಿಕೊಂಡು. “ನಾ ಹನ್ನೊಂದು ವರ್ಷ ಪೇಪರಿನಾಗ ಕಟ್ಟಿಟ್ಟೆ. ಶ್ವೇತಾಗ ಕೊಟ್ಟಿದ್ರೂ ಅಕಿ ಬೆಂಗಳೂರಿನ ಬ್ಲೌಸ್ ಹಾಕ್ಕೊಂಡು ಇದನ್ನ ಮತ್ತ ಟ್ರಂಕಿನಾಗ ಇಡಾಕಿನೇ. ಆ ಹುಡುಗಿ ತೊಟ್ಲು ನೋಡ್ರಿ. ಕುಬಸದ ಖಣ ಕುಬಸಕ್ಕ ಹೋತು. ಈ ತುಂಡಿನಾಗ ಶ್ವೇತಾನ ಕೂಸಿಗೆ ಒಂದು ಕುಲಾಯಿ ಆಗ್ತೈತಿ. ಅವ್ವಂದು ಅದರ ನೆತ್ತಿ ಮ್ಯಾಲೆ ಇರಲಿ.”

ನನ್ನ ಕಣ್ಣೂ ಒದ್ದೆಯಾಯಿತು. ಸಂದರ್ಭ ನೋಡಿ ಮೆಲ್ಲಗೆ ಕೇಳಿದೆ, “ಸಿಟ್ಟು ಹೋತಾ ಹಂಗಾದ್ರ?”

“ಖಣದ ಸಿಟ್ಟು ಹೋತು. ಚೀಟಿ ಸಿಟ್ಟು ಐತಿ,” ಎಂದು ಯಾದಮ್ಮ ಕೊಟ್ಟ ಕವರನ್ನು ಬಿಚ್ಚಿದಳು.

ನೇರಳೆ ಬಣ್ಣ. ಮೈತುಂಬ ಬಂಗಾರದ ಚುಕ್ಕಿ. ಒಳಮಡಿಕೆಯಲ್ಲಿ ನನ್ನದೇ ಗುಂಡಗಿನ ಅಕ್ಷರ. ನಿನ್ನೆ ಬೆಳಿಗ್ಗೆ ನಾನೇ ಕೈಯಾರೆ ದಿಲ್‌ಸುಖ್‌ನಗರಕ್ಕೆ ಮುಟ್ಟಿಸಿ ಬಂದದ್ದು, ಒಂದೂವರೆ ದಿನದಲ್ಲಿ ವಾಪಸ್ಸು! ನಮ್ಮ ಕಂಪನಿಯ ಯಾವ ಲಾರಿಯೂ ಇಷ್ಟು ಚುರುಕಾಗಿ ಓಡಿದ್ದಿಲ್ಲ. ಗಿರಿಜಾ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವಂತೆ ನಕ್ಕಳು. ರೈಲು ಬಂದು, ಹತ್ತಿ, ಕಿಟಕಿಯ ಬಳಿ ಕೂತ ಮೇಲೂ ನಗುತ್ತಲೇ ಇದ್ದಳು. ಆ ನೇರಳೆ ಬಟ್ಟೆಯನ್ನು ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡು ಹೋದಳು.

ಬಾಗಲಕೋಟೆಯಿಂದ ಬಂದ ಮೇಲೆ ಅವಳು ಕಪಾಟಿನ ಅಧಿಕಾರವನ್ನು ವಾಪಸ್ಸು ತೆಗೆದುಕೊಂಡಳು. ಅಪಾರ್ಟ್‌ಮೆಂಟಿನ ಮನೆಮನೆಗೆ ಹೋಗಿ ಹಸಿರು ಪೀಸುಗಳನ್ನು ತಾನೇ ಹಂಚಿ, ನಮ್ಮನೆಯವರಿಗೆ ಆಫೀಸಿನ ಒತ್ತಡ ಜಾಸ್ತಿಯಾಗಿದೆ ಎಂದು ಹೇಳಿ ಬಂದಳು. ಎಲ್ಲರೂ ಒಪ್ಪಿಕೊಂಡರಂತೆ. ಮೂರನೇ ಮಹಡಿಯವರು ಮೊದಲೇ ಅನುಮಾನವಿತ್ತು ಅಂದರಂತೆ.

ನೇರಳೆ ಬಟ್ಟೆಯನ್ನು ಅವಳು ಹೊಲಿಸಿಯೇಬಿಟ್ಟಳು. ನನ್ನ ಊಟದ ಡಬ್ಬಿಯ ಚೀಲವಾಗಿ! ಬಂಗಾರದ ಚುಕ್ಕಿಗಳು ಆಫೀಸಿನ ಟ್ಯೂಬ್‌ಲೈಟಿನಲ್ಲಿ ಇನ್ನೂ ಚೆನ್ನಾಗಿ ಹೊಳೆಯುತ್ತವೆ. ಚೀಲದ ಎದುರಿಗೆ, ಎಲ್ಲರಿಗೂ ಕಾಣುವ ಹಾಗೆ, ನನ್ನ ಚೀಟಿಯನ್ನು ಪ್ಲಾಸ್ಟಿಕ್ಕಿನ ಕೆಳಗಿಟ್ಟು ಭದ್ರವಾಗಿ ಹೊಲಿಸಿದ್ದಾಳೆ. ವಿಜಯಮ್ಮಗಾರು ಎಂದಿದ್ದ ಕಡೆ ಮಾತ್ರ ಪೆನ್ನಿನಿಂದ ಗೀಟು ಹೊಡೆದು ನನ್ನ ಹೆಸರು ಬರೆದಿದ್ದಾಳೆ. ಉಳಿದದ್ದು ಹಾಗೇ ಇದೆ: ‘ದರ್ಜೆ ಸಿ. ಯಾರೂ ಬಳಸುವುದಿಲ್ಲ.’

ನಮ್ಮ ಆಫೀಸಿನಲ್ಲಿ ಹೆಚ್ಚಿನವರು ತೆಲುಗಿನವರು. ಎಲ್ಲರೂ ಕೂಡಿಸಿ ಓದುತ್ತಾರೆ.